‘ಒಂದೇ ಒಂದು ಹಾಕೋಣ’ ಅಂತೆ!

ಕುಡಿತ ಬಿಟ್ಟು ಹನ್ನೊಂದನೆಯ ದಿನದ ಸಂಜೆ. ನಿದ್ದೆ ಸರಿಹೋಗಿದೆ, ಕೈ ನಡುಗುತ್ತಿಲ್ಲ, ಮನೆಯವರ ಮುಖದಲ್ಲೂ ಕೊಂಚ ಗೆಲುವು. ಆಗಲೇ ಒಳಗಿನಿಂದ ಒಂದು ಮಾತು ಏಳುತ್ತದೆ: ‘ಬಿಡೋಕೆ ಆಗುತ್ತೆ ಅಂತ ಗೊತ್ತಾಯ್ತಲ್ಲ, ಇನ್ನೇನು ಭಯ? ಒಂದೇ ಒಂದು ಹಾಕೋಣ.’ ಬಿಟ್ಟಿದ್ದನ್ನೇ ಕುಡಿಯಲು ನೆಪ ಮಾಡಿಕೊಳ್ಳುವ ಈ ಜಾಣತನಕ್ಕೆ ಏನು ಉತ್ತರ? ಈ ಲೇಖನದ ಹೆಚ್ಚಿನ ಪಾಲು ಅದರ ಬಗ್ಗೆಯೇ. ಆದರೆ ಮೊದಲು ಮೈಯ ವಿಷಯ ಮುಗಿಸಿಬಿಡೋಣ.

ಮೊದಲು ವೈದ್ಯರು

ದಿನವೂ ಹೆಚ್ಚು ಕುಡಿಯುವವರು ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಮದ್ಯ ಮೆದುಳನ್ನು ಮಂಕಾಗಿಸುತ್ತದೆ. ಅದಕ್ಕೆ ಎದುರಾಗಿ ಮೆದುಳು ತನ್ನ ಉದ್ರೇಕವನ್ನು ಏರಿಸಿಕೊಂಡೇ ಬದುಕುವುದನ್ನು ಕಲಿತಿರುತ್ತದೆ. ಮದ್ಯ ಹಠಾತ್ತನೆ ನಿಂತರೆ ಆ ಉದ್ರೇಕಕ್ಕೆ ಬ್ರೇಕೇ ಇಲ್ಲ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ಊರು–ಹೊತ್ತು ಗೊತ್ತಾಗದಿರುವುದು, ಜ್ವರ ಬಂದರೆ ಅದು ಪ್ರಾಣಕ್ಕೇ ಕುತ್ತು. ತಕ್ಷಣ ಆಸ್ಪತ್ರೆಗೆ ಓಡಬೇಕು. ವೈದ್ಯರು ಕೆಲವು ದಿನ ಶಮನದ ಮಾತ್ರೆ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಸಾಹಸ ಬೇಡವೇ ಬೇಡ.

ಮಾತು ಕೊಡುವ ಬಗೆ

‘ಕಡಿಮೆ ಮಾಡ್ತೀನಿ’, ‘ನೋಡೋಣ’, ‘ಟ್ರೈ ಮಾಡ್ತಿದ್ದೀನಿ’. ಈ ಮೂರರಲ್ಲೂ ಹಿತ್ತಿಲ ಬಾಗಿಲು ತೆರೆದೇ ಇದೆ. ಮುಚ್ಚುವ ಮಾತು ಬೇರೆ: ‘ನಾನು ಇನ್ನು ಕುಡಿಯುವುದಿಲ್ಲ. ಈ ತೀರ್ಮಾನ ಬದಲಾಯಿಸುವುದೂ ಇಲ್ಲ.’ ಬಾಗಿಲಿಗೆ ಚಿಲಕ ಹಾಕುವುದು ಎರಡನೆಯ ವಾಕ್ಯ. ಅಮೆರಿಕದ ಜ್ಯಾಕ್ ಟ್ರಿಂಪಿ 1986ರಲ್ಲಿ ಕುಡಿತ ಬಿಡಲು ನೆರವಾಗುವ ‘ರ‍್ಯಾಷನಲ್ ರಿಕವರಿ’ ಆರಂಭಿಸಿ ಹೇಳಿಕೊಟ್ಟ ವಿಧಾನದ ತಿರುಳು ಇದೇ. ಅದಕ್ಕೂ ಮೊದಲೇ, 1935ರಲ್ಲಿ, ಅಲ್ಲಿನ ಆಕ್ರನ್ ನಗರದಲ್ಲಿ ಹುಟ್ಟಿದ, ಕುಡಿತ ಬಿಡುವವರೇ ಒಬ್ಬರಿಗೊಬ್ಬರು ನೆರವಾಗುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದವರದು ಬೇರೆ ದಾರಿ: ಇವತ್ತೊಂದು ದಿನ ಕುಡಿಯಬೇಡ, ನಾಳೆಯದನ್ನು ನಾಳೆ ನೋಡೋಣ, ಜೊತೆಗೆ ನಾವಿದ್ದೇವೆ. ‘ಎಂದೆಂದಿಗೂ’ ಎಂಬ ಮಾತಿಗೆ ಎದೆ ನಡುಗುವವರಿಗೆ ಈ ದಾರಿ ಹಗುರ. ‘ಇವತ್ತು’ ಎಂದ ಕೂಡಲೇ ‘ಹಾಗಾದರೆ ನಾಳೆ?’ ಎಂದು ಕಿವಿ ನಿಮಿರುವವರಿಗೆ ಟ್ರಿಂಪಿಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಬಳಸುವವರಿದ್ದಾರೆ, ಜಗಳವೇನಿಲ್ಲ.

ಆ ಎರಡು ವಾಕ್ಯಗಳನ್ನು ಜೋರಾಗಿ ಹೇಳಿ ನೋಡಿ. ಎಲ್ಲೋ ಒಳಗೆ ಚುಳುಕ್ ಎನ್ನುತ್ತದೆ: ‘ಅಯ್ಯೋ, ಒಮ್ಮೆಯೂ ಇಲ್ಲವೇ?’ ಹಾಗೆಂದದ್ದು ಯಾರು?

‘ಅಂತೆ’ ಎನ್ನುವ ಉಪಾಯ

‘ಕುಡಿಯಬೇಕು ಅನ್ನಿಸ್ತಿದೆ’ ಎನ್ನುತ್ತೇವೆ. ಯಾರಿಗೆ ಅನ್ನಿಸುತ್ತಿದೆ ಎಂದು ಕೇಳುವುದಿಲ್ಲ. ಬಿಡಬೇಕೆಂದು ತೀರ್ಮಾನಿಸಿದ್ದು ನೀವು. ಬೇಕು ಎನ್ನುತ್ತಿರುವುದು ಮದ್ಯಕ್ಕೆ ಪಳಗಿದ ಮೆದುಳಿನ ಒಂದು ಹಳೇ ಅಭ್ಯಾಸ. ಅದರ ಮಾತಿನ ಧಾಟಿಯನ್ನೇ ಗಮನಿಸಿ. ಅದು ‘ಹಾಕು’ ಎನ್ನುವುದಿಲ್ಲ, ‘ಹಾಕೋಣ’ ಎನ್ನುತ್ತದೆ. ಆ ‘ಓಣ’ದಲ್ಲಿ ನಿಮ್ಮನ್ನೂ ಸೇರಿಸಿಕೊಂಡಾಗಿದೆ.

ಬಿಡಿಸಿಕೊಳ್ಳಲು ನಮ್ಮ ಭಾಷೆಯಲ್ಲೇ ಒಂದು ಸಲಕರಣೆಯಿದೆ. ಬೇರೆಯವರ ಮಾತನ್ನು ಹೊಣೆ ಹೊರದೆ ದಾಟಿಸುವಾಗ ‘ಅಂತೆ’ ಸೇರಿಸುತ್ತೇವಲ್ಲ, ಅದೇ. ಒಳಗಿನ ಮಾತು ಕೇಳಿಸಿದೊಡನೆ ಅದನ್ನೇ ಹಿಡಿದು, ಬಾಲಕ್ಕೆ ‘ಅಂತೆ’ ಕಟ್ಟಿ. ‘ಇಷ್ಟು ದುಡಿದಿದ್ದೀಯ, ನಿನಗೂ ಸ್ವಲ್ಪ ಸುಖ ಬೇಡವೇ?’ ಎಂದರೆ, ‘ದುಡಿದದ್ದಕ್ಕೆ ಒಂದು ಪೆಗ್ ಬೇಕಂತೆ.’ ‘ನಿನ್ನನ್ನು ಅರ್ಥ ಮಾಡಿಕೊಳ್ಳುವವರೇ ಇಲ್ಲ’ ಎಂದರೆ, ‘ಯಾರೂ ಅರ್ಥ ಮಾಡಿಕೊಳ್ಳಲ್ಲವಂತೆ, ಬಾಟಲಿ ಮಾಡಿಕೊಳ್ಳುತ್ತದಂತೆ.’ ನಗು ಬಂದರೆ ಬರಲಿ. ವಾದಕ್ಕೆ ಮಾತ್ರ ಇಳಿಯಬೇಡಿ. ಲಿವರ್, ಸಾಲ, ಮಕ್ಕಳು ಎಂದು ಕಾರಣ ಕೊಡಲು ಹೊರಟರೆ ಅದರ ಬಳಿ ನಿಮಗಿಂತ ಒಳ್ಳೆಯ ವಕೀಲರಿದ್ದಾರೆ. ತೀರ್ಮಾನ ಮುಗಿದ ಕೇಸು, ಮರುವಿಚಾರಣೆ ಇಲ್ಲ. ಅದಕ್ಕೆ ಕೈಯಿಲ್ಲ, ಕಾಲಿಲ್ಲ ಎಂಬುದೂ ನೆನಪಿರಲಿ. ಗ್ಲಾಸು ಎತ್ತಬೇಕಾದರೆ ನಿಮ್ಮ ಕೈಯೇ ಬೇಕು.

ಅರ್ಧ ಗಂಟೆಯ ಅಲೆ

ತಲುಬು ಏರುತ್ತಲೇ ಹೋಗುತ್ತದೆ, ಕುಡಿಯದೆ ಇಳಿಯದು ಎಂಬುದು ಅದು ಹೇಳುವ ದೊಡ್ಡ ಸುಳ್ಳು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ಅಲೆಗೆ ಹೋಲಿಸಿದರು: ತಡೆಯಲು ಹೋಗದೆ ಅದರ ಮೇಲೆ ತೇಲಿ. ಕೂತು ಗಮನಿಸಿ: ಗಂಟಲು ಒಣಗಿದೆಯೇ, ಎದೆ ಬಿಗಿದಿದೆಯೇ, ಹೊಟ್ಟೆಯಲ್ಲಿ ಸಂಕಟವೇ? ಏರುತ್ತಿದೆಯೋ ಇಳಿಯುತ್ತಿದೆಯೋ? ಗಡಿಯಾರ ನೋಡಿ ಸಮಯ ಬರೆದಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಸಲಕ್ಕೆ ನಿಮ್ಮದೇ ಕೈಬರಹದ ಸಾಕ್ಷಿ ಇರುತ್ತದೆ.

ಹಸಿವು, ಸಿಟ್ಟು, ಒಂಟಿತನ, ದಣಿವು: ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಅಲೆ ಎತ್ತರ. ಎಷ್ಟೋ ಸಂಜೆಗಳಲ್ಲಿ ಬೇಕಾಗಿರುವುದು ಊಟ, ಅಷ್ಟೆ. ಮನೆಯಲ್ಲಿ ಬಾಟಲಿ ಇಡಬೇಡಿ, ‘ಅತಿಥಿಗಳಿಗೆ’ ಎಂದು ಕೂಡ. ಒತ್ತಾಯಿಸುವವರಿಗೆ ‘ಬಿಟ್ಟಿದ್ದೀನಿ’ ಎಂಬ ಒಂದೇ ಪದ ಸಾಕು. ಮಾತ್ರೆ ತಗೋತಿದ್ದೀನಿ, ವ್ರತ ಇದೆ ಎಂಬ ನೆಪಗಳಿಗೆ ಮುಗಿಯುವ ದಿನ ಇರುತ್ತದೆ.

ಔಷಧಗಳೂ ಇವೆ. ಕುಡಿದಾಗ ಸಿಗುವ ಸುಖವನ್ನು ನಾಲ್‌ಟ್ರೆಕ್ಸೋನ್ ತಗ್ಗಿಸುತ್ತದೆ. ಅಕಾಂಪ್ರೊಸೇಟ್ ಬಿಟ್ಟವರಿಗೆ ಬಿಟ್ಟ ಸ್ಥಿತಿಯಲ್ಲೇ ಉಳಿಯಲು ನೆರವಾಗುತ್ತದೆ. ಡೈಸಲ್ಫಿರಾಮ್ ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ ಶುರುವಾಗುತ್ತವೆ. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಕುಡಿಯುವವರಿಗೆ ತಿಳಿಯದಂತೆ ಈ ಮಾತ್ರೆಯನ್ನು ಊಟದಲ್ಲಿ ಬೆರೆಸುವ ಮನೆಯವರಿದ್ದಾರೆ. ಕಳಕಳಿ ಅರ್ಥವಾಗುತ್ತದೆ, ಆದರೆ ಪ್ರಾಣ ಹೋಗಬಹುದು, ಖಂಡಿತ ಕೂಡದು.

ಜಾರಿದರೆ

ಆಗ ಒಳಗಿನ ದನಿ ಒಂದು ಹೊಸ ಪದ ಹಿಡಿದು ಬರುತ್ತದೆ: ‘ಹೇಗೂ’. ಹೇಗೂ ಕುಡಿದಾಯ್ತಲ್ಲ, ಇವತ್ತು ಪೂರ್ತಿ ಕುಡಿದುಬಿಡೋಣ, ಸೋಮವಾರದಿಂದ ಮತ್ತೆ ಬಿಡೋಣ. ಒಂದು ಗ್ಲಾಸನ್ನು ಒಂದು ತಿಂಗಳಾಗಿಸುವುದು ಈ ಪದವೇ. ಗ್ಲಾಸಿನಲ್ಲಿ ಅರ್ಧ ಉಳಿದಿದ್ದರೂ ಅಲ್ಲೇ ಸಿಂಕಿಗೆ ಸುರಿದು, ನಂಬಿಕಸ್ಥರೊಬ್ಬರಿಗೆ ಫೋನ್ ಮಾಡಿ. ಕೆಲವು ದಿನ ಸತತವಾಗಿ ಕುಡಿದಿದ್ದರೆ ಮತ್ತೆ ವೈದ್ಯರ ಬಳಿಯಿಂದಲೇ ಶುರು. ಎಷ್ಟು ಕುಡಿದಿರಿ ಎಂದು ಅವರು ಕೇಳಿದಾಗ ಸಂಕೋಚದಿಂದ ಅರ್ಧಕ್ಕೆ ಇಳಿಸಿ ಹೇಳಬೇಡಿ, ಮಾತ್ರೆಯ ಪ್ರಮಾಣ ನಿಲ್ಲುವುದು ಆ ಲೆಕ್ಕದ ಮೇಲೆ.