ಪೆರು ಪ್ರವಾಸಕ್ಕೆ ಎತ್ತರದ ಲೆಕ್ಕ

ಪೆರುವಿಗೆ ಹೋಗುವ ಆಸೆ ಇದೆಯೇ? ಮೊದಲು ನೋಡಬೇಕೆಂದಿರುವ ಊರುಗಳ ಪಟ್ಟಿ ಮಾಡಿ. ಪ್ರತಿ ಹೆಸರಿನ ಪಕ್ಕ ಅದರ ಎತ್ತರ ಬರೆಯಿರಿ. ಲಿಮಾ ಕಡಲ ತೀರದಲ್ಲಿದೆ. ಕುಸ್ಕೊ ಸುಮಾರು 3,400 ಮೀಟರ್, ಟಿಟಿಕಾಕಾ ಸರೋವರದ ದಡದ ಪುನೊ 3,800 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಅಲ್ವಾ? ಲಿಮಾದಿಂದ ಕುಸ್ಕೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಅಷ್ಟು ಬೇಗ ಮೇಲೇರಿದರೆ ಮೈ ಒಗ್ಗುವುದಿಲ್ಲ. ತಲೆನೋವು, ವಾಕರಿಕೆ ಶುರುವಾಗಿ ರಜೆಯೇ ಹಾಳಾಗಬಹುದು.

ದಿನಗಳು ಜಾಸ್ತಿ ಇದ್ದರೆ ಲಿಮಾದಿಂದ ಅರೆಕಿಪಾಗೆ ಹೋಗಿ. ಅದು 2,300 ಮೀಟರ್. ಒಂದೆರಡು ರಾತ್ರಿ ಉಳಿದು ಪುನೊ, ಆಮೇಲೆ ಕುಸ್ಕೊ. ರಜೆ ಕಡಿಮೆಯಿದ್ದರೆ ಕುಸ್ಕೊಗೆ ವಿಮಾನದಲ್ಲೇ ಹೋಗಿ, ಆದರೆ ಅಲ್ಲಿ ಉಳಿಯಬೇಡಿ. ಇಳಿದ ಕೂಡಲೇ ಕಾರು ಹಿಡಿದು ಒಯಾಂಟಾಯ್‌ಟಾಂಬೊಗೆ ಬನ್ನಿ. ಅದು 2,800 ಮೀಟರ್. ಇಂಕಾ ಜನರ ಹಳೆಯ ಕಲ್ಲಿನ ಊರು ಮಚು ಪಿಚುವಿಗೆ ಹೋಗುವ ರೈಲು ಅಲ್ಲಿಂದಲೇ ಸಿಗುತ್ತದೆ. ಮಚು ಪಿಚು ಇನ್ನೂ ಕೆಳಗೆ, ಸುಮಾರು 2,430 ಮೀಟರ್. ಅದನ್ನು ನೋಡಿ ಬಂದ ಮೇಲೆ ಕುಸ್ಕೊ ಸುತ್ತಿ. ನನಗೆ ಈ ಕ್ರಮವೇ ಹೆಚ್ಚು ಇಷ್ಟ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್‌ಗೆ ಮೊದಲೇ ವೈದ್ಯರನ್ನು ಕೇಳಲೇಬೇಕು.

ಬೆಟ್ಟದ ಭಾಗಕ್ಕೆ ಮೇಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ, ಮಳೆ ಕಡಿಮೆ. ಆಗ ಲಿಮಾದಲ್ಲಿ ಮಾತ್ರ ಮಂಜು ಮುಸುಕಿರುತ್ತದೆ. ಮಚು ಪಿಚುವಿಗೆ ನಡೆದೇ ಹೋಗುವ ಇಂಕಾ ಹಾದಿಯಲ್ಲಿ ಚಾರಣ ಮಾಡುವವರು ಫೆಬ್ರವರಿ ಬಿಡಿ, ಆ ತಿಂಗಳು ಅದು ಮುಚ್ಚಿರುತ್ತದೆ.

ಬುಕಿಂಗ್‌ನಲ್ಲಿ ಮಚು ಪಿಚುವಿನ ಪ್ರವೇಶ ಟಿಕೆಟ್ ಮೊದಲು, ರೈಲು ಆಮೇಲೆ. ಟಿಕೆಟ್‌ನಲ್ಲಿ ಒಳಗೆ ಹೋಗುವ ಹೊತ್ತು, ನಡೆಯುವ ದಾರಿ ಎರಡೂ ಗೊತ್ತುಮಾಡಿರುತ್ತಾರೆ. ಹೆಸರು, ನಂಬರ್ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ.

ಅಮೆಜಾನ್ ಕಾಡನ್ನು ಕೊನೆಗೆ ಇಟ್ಟುಕೊಳ್ಳಿ. ಕುಸ್ಕೊದಿಂದ ಕಾಡಿನಂಚಿನ ಪುಯೆರ್ಟೊ ಮಾಲ್ಡೊನಾಡೊಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಅಷ್ಟರಲ್ಲಿ ಬೆಟ್ಟದ ಚಳಿ ಹೋಗಿ ಬೆವರು ಕಿತ್ತು ಬರುತ್ತದೆ. ಅಮೆಜಾನ್‌ನ ಇನ್ನೊಂದು ಊರು ಇಕಿಟೋಸ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನ ಇಲ್ಲವೇ ದೋಣಿಯೇ ಗತಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿ ಕಾರ್ಡ್ ಪಡೆಯಿರಿ. ಪೆರುವಿನಿಂದ ಬಂದವರ ಬಳಿ ಕಾರ್ಡ್ ಇಲ್ಲದಿದ್ದರೆ ಭಾರತದಲ್ಲಿ ಇಳಿದಾಗ 6 ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಕೊಡುತ್ತಾರೆ, ಕುಡಿಯಿರಿ. ಎಲೆಯನ್ನು ಮಾತ್ರ ಊರಿಗೆ ತರಬೇಡಿ, ಇಲ್ಲಿ ಅದು ಅಪರಾಧ.