ಬಾಯಿ ಕ್ಯಾನ್ಸರ್ ಕುತ್ತಿಗೆಗೆ ಇಳಿಯುವುದು ಹೇಗೆ: ಲ್ಯಾಬಿನಲ್ಲಿ ನಾನು ನೋಡಿದ್ದು

ಬಾಯಿ ಕ್ಯಾನ್ಸರ್ ಇದೆ ಅಂದರೆ ಸರ್ಜನ್ ಕುತ್ತಿಗೆಯನ್ನೂ ಒತ್ತಿ ನೋಡುತ್ತಾರೆ. ಅಲ್ಲಿನ ಲಿಂಫ್ ಗಂಟಿಗೆ (ಸೋಂಕಿನ ವಿರುದ್ಧ ಹೋರಾಡುವ ಕೋಶಗಳಿರುವ ಪುಟ್ಟ ಗ್ರಂಥಿ) ರೋಗ ಇಳಿದಿದ್ದರೆ ರೋಗಿ ಉಳಿಯುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. ನಮ್ಮ ಲ್ಯಾಬಿಗೆ ಬರುವ ಸ್ಯಾಂಪಲ್‌ಗಳಲ್ಲಿ ಕೆನ್ನೆ ಮತ್ತು ವಸಡಿನ ಸಂದಿನವೇ ಜಾಸ್ತಿ. ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಹಾಕಿದ ಎಲೆಅಡಿಕೆ, ಇವನ್ನೆಲ್ಲ ಜನ ವರ್ಷಗಟ್ಟಲೆ ಒತ್ತಿಟ್ಟುಕೊಳ್ಳುವ ಜಾಗ ಅದೇ ಅಲ್ವಾ. ಅಕ್ಕಪಕ್ಕದ ಕೋಶಗಳಿಗೆ ಬಿಗಿಯಾಗಿ ಅಂಟಿಕೊಂಡಿದ್ದ ಕೋಶ ಅಲ್ಲಿಂದ ಕಳಚಿಕೊಂಡು ಹೊರಡುವುದು ಹೇಗೆ ಅನ್ನುವುದೇ ನನ್ನ ಕೆಲಸದ ಪ್ರಶ್ನೆ.

ಹೀಗೆ ಅಂಟಿಸಿ ಹಿಡಿಯುವ ಪ್ರೋಟೀನ್ ಇ-ಕ್ಯಾಡ್ಹೆರಿನ್, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಬಾಯಿ ಕ್ಯಾನ್ಸರ್‌ನಲ್ಲಿ ಇದರ ಜೀನ್ ಮ್ಯುಟೇಶನ್‌ನಿಂದ (ಡಿಎನ್‌ಎ ಅಕ್ಷರಗಳು ಬದಲಾಗಿ) ಕೆಟ್ಟಿರುವುದು ಅಪರೂಪ. ಅಕ್ಷರಗಳೆಲ್ಲ ಸರಿಯಾಗೇ ಇರುತ್ತವೆ. ಆದರೆ ಎಷ್ಟೋ ಗಡ್ಡೆಗಳಲ್ಲಿ ಜೀನ್ ಶುರುವಾಗುವ ಜಾಗದ ಸಿ ಅಕ್ಷರಗಳ ಮೇಲೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಕೂತಿರುತ್ತದೆ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳು ಬಿಗಿದುಕೊಂಡಿರುತ್ತವೆ, ಜೀನ್ ಆಫ್ ಆಗಿರುತ್ತದೆ. ಗಾರೆ ಹೋದ ಮೇಲೆ ಕೋಶ ಉದ್ದವಾಗುತ್ತದೆ, ಓಡಾಡಲು ಶುರು ಮಾಡುತ್ತದೆ.

ಇದನ್ನು ನೋಡಲು ನಾನು ಬಳಸುವುದು 1996ರಲ್ಲಿ ಹರ್ಮನ್ ಮತ್ತು ಸಂಗಡಿಗರು ಕೊಟ್ಟ ಮೀಥೈಲೇಶನ್ ಪಿಸಿಆರ್ (ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಂಡಿಗೆ ಲಕ್ಷಾಂತರ ಪ್ರತಿ ಮಾಡುವ ವಿಧಾನ). ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದರೆ ಮೀಥೈಲ್ ಇಲ್ಲದ ಸಿ ಬದಲಾಗಿ ಪಿಸಿಆರ್‌ನಲ್ಲಿ ಟಿ ಆಗಿ ಕಾಣುತ್ತದೆ, ಮೀಥೈಲ್ ಇರುವ ಸಿ ಹಾಗೇ ಉಳಿಯುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರೈಮರ್ (ನಕಲು ಶುರುಮಾಡುವ ಡಿಎನ್‌ಎ ಚೂರು) ಹಾಕಿ, ಬಂದ ಪ್ರತಿಗಳನ್ನು ಜೆಲ್‌ನಲ್ಲಿ ಓಡಿಸಿ ಯಾವ ಬ್ಯಾಂಡ್ (ಗೆರೆ) ಬಂತು ಅಂತ ನೋಡುತ್ತೇನೆ. ಪುಸ್ತಕದಲ್ಲಿ ಇಷ್ಟೇ. ನಿಜವಾದ ಕಷ್ಟ ಇರುವುದು ಸ್ಯಾಂಪಲ್‌ನಲ್ಲಿ. ಗಡ್ಡೆಯ ತುಂಡಿನಲ್ಲಿ ಬರೀ ಕ್ಯಾನ್ಸರ್ ಕೋಶ ಇರುವುದಿಲ್ಲ, ಲಿಂಫ್ ಗಂಟಿನಲ್ಲಂತೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ತುಂಬಿರುತ್ತವೆ, ಅವುಗಳ ಡಿಎನ್‌ಎ ಸೇರಿಕೊಂಡರೆ ಮೀಥೈಲ್ ಬ್ಯಾಂಡ್ ಮಸುಕಾಗಿ ಏನೂ ಹೇಳಲಾಗದ ಫಲಿತಾಂಶ ಬರುತ್ತದೆ. ಅದಕ್ಕೆ ಪೆಥಾಲಜಿಸ್ಟ್ ಜೊತೆ ಕೂತು ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಗಡ್ಡೆ ಒಳನುಗ್ಗುತ್ತಿರುವ ಅಂಚನ್ನು ಗುರುತು ಮಾಡಿಸಿ, ಪಕ್ಕದ ಸ್ಲೈಡ್‌ನಿಂದ ಅಷ್ಟನ್ನೇ ಕೆರೆದುಕೊಳ್ಳುತ್ತೇನೆ. ಗಡ್ಡೆಯ ನಡುವಿನ ತುಂಡು ಸಾಕಾಗುವುದಿಲ್ಲ, ಹರಡುವ ಕೆಲಸ ನಡೆಯುವುದು ಅಂಚಿನಲ್ಲಿ. ಪಕ್ಕದ ಆರೋಗ್ಯವಂತ ಪೊರೆಯನ್ನೂ ಸುಮ್ನೆ ನಂಬಬಾರದು. ಕಣ್ಣಿಗೆ ಚೆನ್ನಾಗಿ ಕಂಡರೂ ಹೊಗೆಸೊಪ್ಪು ತಾಗಿದ ಬಾಯಿಯಿಡೀ ಬದಲಾಗಿರಬಹುದು ಎಂದು ಸ್ಲಾಟರ್ ತಂಡ 1953ರಲ್ಲೇ ಹೇಳಿತ್ತು. ಹಾಗಾಗಿ ಹೋಲಿಕೆಗೆ ರೋಗಿಯ ರಕ್ತದ ಡಿಎನ್‌ಎಯನ್ನೂ ಇಟ್ಟುಕೊಳ್ಳುತ್ತೇನೆ.

ನನಗೆ ಅತಿ ಮುಖ್ಯ ಅನಿಸಿದ್ದು ಇದು: ಅಂಚಿನಲ್ಲಿ ಇ-ಕ್ಯಾಡ್ಹೆರಿನ್ ಕಾಣೆಯಾಗಿದ್ದ ಕೆಲವು ರೋಗಿಗಳಲ್ಲಿ, ಕುತ್ತಿಗೆಯ ಗಂಟಿನಲ್ಲಿ ಬೇರೂರಿದ ಕೋಶಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಹೊರಡುವಾಗ ಆಫ್, ನೆಲೆಸುವಾಗ ಆನ್. ಮ್ಯುಟೇಶನ್ ಆಗಿದ್ದರೆ ಹೀಗೆ ವಾಪಸ್ ಬರುವುದು ಕಷ್ಟ. ಮೀಥೈಲ್ ತೆಗೆಯಬಹುದಾದ ಗುರುತು ಆಗಿರುವುದರಿಂದಲೇ ಕ್ಯಾನ್ಸರ್‌ಗೆ ಇಷ್ಟು ಅನುಕೂಲ.

ಹಾಗಿದ್ದರೆ ಔಷಧಿಯಿಂದ ಜೀನ್ ಆನ್ ಮಾಡಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಡೆಸಿಟಾಬಿನ್ ಎಂಬ ಔಷಧಿ ಮೀಥೈಲ್ ಗುರುತನ್ನು ಕಮ್ಮಿ ಮಾಡುತ್ತದೆ. ರಕ್ತದ ಒಂದು ಕಾಯಿಲೆಗೆ ಅಮೆರಿಕದಲ್ಲಿ 2006ರಲ್ಲೇ ಅನುಮತಿ ಸಿಕ್ಕಿದೆ. ಬಾಯಿ ಕ್ಯಾನ್ಸರ್ ಕೋಶಗಳಿಗೆ ಹಾಕಿದಾಗ ಪ್ರೋಟೀನ್ ವಾಪಸ್ ಬಂದು ಓಡಾಟ ನಿಧಾನವಾಗಿದ್ದನ್ನು ನಾನೂ ನೋಡಿದ್ದೇನೆ. ಕೋಶ ಬೆಳೆಸುವ ದ್ರವದಲ್ಲಿ ಔಷಧಿ ಬೇಗ ಕೆಡುತ್ತದೆ, ದಿನಾ ಹೊಸದು ಹಾಕಬೇಕು. ಕೋಶ ವಿಭಜನೆ ಆಗುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆದರೆ ಅದು ಇದೊಂದೇ ಜೀನ್ ತೆರೆಯುವುದಿಲ್ಲ, ಮುಚ್ಚಿಯೇ ಇರಬೇಕಾದವನ್ನೂ ತೆರೆಯುತ್ತದೆ. ಮೇಲಾಗಿ ಗಂಟಿಗೆ ಆಗಲೇ ಇಳಿದು ಜೀನ್ ಆನ್ ಮಾಡಿಕೊಂಡ ಕೋಶಕ್ಕೆ ಇದರಿಂದ ಏನು ಉಪಯೋಗ? ಲ್ಯಾಬಿನ ಪ್ಲೇಟಿನಲ್ಲಿ ಕಂಡದ್ದನ್ನು ರೋಗಿಯ ಮನೆಯವರಿಗೆ ಚಿಕಿತ್ಸೆ ಅಂತ ಹೇಳಲು ನಾನು ತಯಾರಿಲ್ಲ.

ಈಗ ನಾವು ಒಬ್ಬರದೇ ಗಡ್ಡೆಯ ನಡುಭಾಗ, ಅಂಚು, ಲಿಂಫ್ ಗಂಟು, ರಕ್ತ ನಾಲ್ಕನ್ನೂ ಒಂದೇ ಜೆಲ್‌ನಲ್ಲಿ ಓಡಿಸುತ್ತೇವೆ. ಅದೇ ಅಂಗಾಂಶದ ಬ್ಲಾಕ್‌ನಿಂದ ತೆಗೆದ ಸ್ಲೈಡ್‌ಗೆ ಇ-ಕ್ಯಾಡ್ಹೆರಿನ್ ತೋರಿಸುವ ಬಣ್ಣ ಹಾಕಿಸಿ ಪಕ್ಕದಲ್ಲಿಟ್ಟುಕೊಂಡು ಓದುತ್ತೇವೆ.