ಮಂಗಳವಾರದ ಸಿಸ್‌ಪ್ಲಾಟಿನ್

2022ರಲ್ಲಿ ನಾನು ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿಯನ್ನು ವಾರಕ್ಕೊಮ್ಮೆ 40 (ಮೈಯ ಒಂದು ಚದರ ಮೀಟರ್‌ಗೆ ಇಷ್ಟು ಮಿ.ಗ್ರಾಂ. ಅನ್ನೋ ಲೆಕ್ಕ) ಶುರು ಮಾಡಿದಾಗ, ಕ್ಯಾನ್ಸರ್ ಡಾಕ್ಟರ್‌ಗಳೆಲ್ಲ ಕೂತು ಚಿಕಿತ್ಸೆ ತೀರ್ಮಾನಿಸುವ ನಮ್ಮ ಟ್ಯೂಮರ್ ಬೋರ್ಡಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೂರು ವಾರದ ಡೋಸೇ ಮೇಲು ಅಂತ ಟಾಟಾದವರು ತೋರಿಸಿಕೊಟ್ಟ ಮೇಲೂ ವಾರದ ಡೋಸ್ ಅಂತೀರಲ್ರಿ" ಅಂದರು ಹಿರಿಯರೊಬ್ಬರು. ಈಗ ಅವರೇ ತಮ್ಮ ಪೇಷಂಟ್‌ಗಳನ್ನು ನನ್ನ ಮಂಗಳವಾರದ ಪಟ್ಟಿಗೆ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮಾತು ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆದವರದು. ಕುತ್ತಿಗೆ ಗಂಟಿನ ಕವಚ ದಾಟಿ ರೋಗ ಹೊರಬಂದವರು, ಮಾರ್ಜಿನ್ ಪಾಸಿಟಿವ್ ಆದವರು, ಅಂದರೆ ಕೊಯ್ದ ಅಂಚಿನಲ್ಲೂ ರೋಗ ಕಂಡವರು. 2004ರಲ್ಲಿ ಯುರೋಪಿನದೊಂದು, ಅಮೆರಿಕದ್ದೊಂದು ಟ್ರಯಲ್ (ಪೇಷಂಟ್‌ಗಳ ಮೇಲೆ ನಡೆಸುವ ಹೋಲಿಕೆ ಅಧ್ಯಯನ) ಬಂದಾಗಿನಿಂದ ಇವರಿಗೆ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಬೇಕು ಅನ್ನೋದರಲ್ಲಿ ಜಗಳ ಇಲ್ಲ. ಹೇಗೆ ಕೊಡೋದು ಅನ್ನೋದರಲ್ಲೇ ಎಲ್ಲಾ ಜಗಳ.

ಮೊದಲು ನಾನೂ ಎಲ್ಲರ ಹಾಗೆ ವಾರಕ್ಕೆ 30 ಕೊಡುತ್ತಿದ್ದೆ. 2018ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ 300 ಪೇಷಂಟ್‌ಗಳ ಟ್ರಯಲ್ ಬಂತು. ಮೂರು ವಾರಕ್ಕೊಮ್ಮೆ 100 ಕೊಟ್ಟವರಲ್ಲಿ ಎರಡು ವರ್ಷಕ್ಕೆ ಮೂಲ ಜಾಗ, ಕುತ್ತಿಗೆಯಲ್ಲಿ ರೋಗ ಹತೋಟಿಯಲ್ಲಿದ್ದವರು ನೂರಕ್ಕೆ ಸುಮಾರು 73, ವಾರದ 30ರಲ್ಲಿ 58ರ ಆಸುಪಾಸು. ಓದಿದ ಮರುವಾರವೇ 100ಕ್ಕೆ ಹೋದೆ. ತಪ್ಪು ಮಾಡಿದೆ ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ ಅದನ್ನು ದಡ ಮುಟ್ಟಿಸುವ ವ್ಯವಸ್ಥೆ ನನ್ನ ಕೈಯಲ್ಲಿರಲಿಲ್ಲ.

ನಮ್ಮ ಪೇಷಂಟ್ ಹೇಗಿರುತ್ತಾರೆ ಅಂತ ಹುಬ್ಬಳ್ಳಿ ಕಡೆ ಕೆಲಸ ಮಾಡಿದವರಿಗೆ ಗೊತ್ತು. ರೋಣ, ನರಗುಂದ, ಸವಣೂರು, ಬ್ಯಾಡಗಿ ಕಡೆಯಿಂದ ಬರುವವರು. ತೂಕ 45 ಕೆಜಿ, ಬಿಎಸ್ಎ (ಮೈಯ ಮೇಲ್ಮೈ) 1.4 ಚದರ ಮೀಟರ್. ಹತ್ತಿಪ್ಪತ್ತು ವರ್ಷ ಗುಟ್ಕಾ, ತಂಬಾಕು-ಸುಣ್ಣ ಹಾಕಿದ ಬಾಯಿ. ಆಪರೇಷನ್ ಆಗಿ ಐದಾರು ವಾರ. ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ. ಇವರಿಗೆ ಒಂದೇ ದಿನ 140 ಮಿ.ಗ್ರಾಂ. ಸಿಸ್‌ಪ್ಲಾಟಿನ್. ಅದೂ ಏಪ್ರಿಲ್ ಬಿಸಿಲಲ್ಲಿ.

ನೆನಪಿನಿಂದ ಹೇಳುತ್ತಿದ್ದೇನೆ, ಮೊದಲ ನಲವತ್ತು ಜನರಲ್ಲಿ ಮೂರನೇ ಡೋಸ್ ಮುಟ್ಟಿದವರು ಹನ್ನೆರಡೋ ಹದಿಮೂರೋ. ಎರಡಕ್ಕೇ ನಿಂತವರು ಹೆಚ್ಚು. ಒಂದಕ್ಕೇ ನಿಂತವರು ಎಂಟೊಂಬತ್ತು ಜನ. ಅಂದರೆ ಅವರಿಗೆ ಸಿಕ್ಕಿದ್ದು ಬರೀ 100. ಒಟ್ಟು 200 ಮುಟ್ಟಬೇಕು ಅಂತ ನಾವೆಲ್ಲ ಕಲಿತಿದ್ದೇವೆ, ಅಲ್ವಾ?

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಒಬ್ಬ ಬಸ್ ಕಂಡಕ್ಟರ್. ಎರಡನೇ ಡೋಸ್ ಆದ ಮೇಲೆ ಬಂದು, "ಸರ, ಕಿವ್ಯಾಗ ಜೀರುಂಡಿ ಕೂತಂಗ ಆಗೈತ್ರಿ, ರಾತ್ರಿ ಪೂರಾ ಒದರತೈತಿ" ಅಂದರು. ರೋಗ ವಾಪಸ್ ಬರಲಿಲ್ಲ, ನಿಜ. ಆದರೆ ಆ ಸದ್ದು ಇವತ್ತಿಗೂ ಹೋಗಿಲ್ಲ. ಗದ್ದಲದ ಬಸ್ಸಿನಲ್ಲಿ ಊರ ಹೆಸರು ಕೇಳಿಸದೆ ಟಿಕೆಟ್ ಹರಿಯುವ ಕೆಲಸ ಬಿಟ್ಟು ಡಿಪೋದಲ್ಲಿ ಕೂತಿದ್ದಾರೆ.

ದುಡ್ಡಿನ ಮಾತು. ಸಿಸ್‌ಪ್ಲಾಟಿನ್ ಅಗ್ಗದ ಔಷಧಿ, ಅದೂ ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಹೋಗುತ್ತದೆ. ಮನೆ ಮುರಿಯುವುದು ಬೇರೆ ಖರ್ಚು. ಜೊತೆಗೆ ನಿಂತವರ ಕೂಲಿ ದಿನಕ್ಕೆ ನಾನ್ನೂರು-ಐನೂರು ಹೋಯಿತು. ರೂಮಿನ ಬಾಡಿಗೆ, ಊಟ, ಬಸ್ಸು. ಇದರ ಮೇಲೆ ಬಿಳಿ ರಕ್ತಕಣದ ಕೌಂಟ್ ಬಿದ್ದು ಜ್ವರ ಬಂದು ಎಂಟು ದಿನ ಅಡ್ಮಿಟ್ ಆದರೆ ಮುಗಿಯಿತು. ಒಂದು ಕುಟುಂಬದ ಜೊತೆ ಕೂತು ಲೆಕ್ಕ ಹಾಕಿದೆ: ಆ ಎಂಟು ದಿನಕ್ಕೇ ಕೈಯಿಂದ ಹದಿನೆಂಟು ಸಾವಿರ ಹೋಗಿತ್ತು. ಎರಡು ಆಡು ಮಾರಿದ್ದರು. ಆಮೇಲೆ ರೇಡಿಯೇಷನ್ನೂ ಅರ್ಧಕ್ಕೆ ಬಿಟ್ಟು ಹೋದರು. ಎಷ್ಟು ಫೋನ್ ಮಾಡಿದರೂ ಬರಲಿಲ್ಲ.

ಆಗ ಜಪಾನಿನವರ ಜೆಸಿಒಜಿ 1008 ಅನ್ನೋ ಟ್ರಯಲ್ ಅಚ್ಚಾಯಿತು. ಇದೂ ಆಪರೇಷನ್ ಆದವರದೇ. ವಾರಕ್ಕೆ 40, ಎದುರಿಗೆ ಮೂರು ವಾರಕ್ಕೆ 100. ಮೂರು ವರ್ಷ ಬದುಕಿದವರು ವಾರದ ಗುಂಪಿನಲ್ಲಿ ನೂರಕ್ಕೆ 71ರ ಮೇಲೆ, ಇನ್ನೊಂದರಲ್ಲಿ 59. ವಾರದ ಡೋಸ್ ಕಮ್ಮಿಯೇನಲ್ಲ ಅಂತ ಸಾಬೀತಾಯಿತು. ಬೋರ್ಡಿನಲ್ಲಿ ನಾನು ಹೇಳಿದ್ದು ಇಷ್ಟೇ: ಟಾಟಾದವರು ಸೋಲಿಸಿದ್ದು 30ನ್ನು, 40ನ್ನಲ್ಲ. 30 ಆರು ವಾರ ತಪ್ಪದೆ ಕೊಟ್ಟರೂ 180. 40 ಆದರೆ ಐದೇ ವಾರಕ್ಕೆ 200. ಒಂದು ವಾರ ತಪ್ಪಿದರೂ ದಡ ಸಿಗುತ್ತದೆ. "ಜಪಾನಿನ ಪೇಷಂಟ್ ಬೇರೆ, ನಮ್ಮವರು ಬೇರೆ" ಅಂದರು. ನಮ್ಮವರು ಬೇರೆ ಅಂತಲೇ ನಾನು ಹೇಳುತ್ತಿದ್ದೆ.

ಆದರೆ 40 ಅಂತ ಬರೆದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮೊದಲ ನಾಲ್ಕು ತಿಂಗಳು ಪೂರ್ತಿ ಕೆಟ್ಟಿತು. ಡೇ ಕೇರ್‌ನಲ್ಲಿ ಹಾಸಿಗೆ ಖಾಲಿ ಇದ್ದದ್ದು ಶುಕ್ರವಾರ, ಹಾಗಾಗಿ ಶುಕ್ರವಾರ ಕೊಟ್ಟೆ. ಶನಿವಾರ, ಭಾನುವಾರ ರೇಡಿಯೇಷನ್ ಮಷಿನ್ ಇಲ್ಲ ಅಂತ ಸಂಜೆಯೇ ಗದಗ ಬಸ್ ಹತ್ತುತ್ತಿದ್ದರು. ಮನೆಯಲ್ಲಿ ಎರಡು ದಿನ ವಾಂತಿ, ನೀರಿಲ್ಲ. ಸೋಮವಾರ ಒಣಗಿದ ನಾಲಿಗೆ ಹೊತ್ತು ಬರುತ್ತಿದ್ದರು. ಒಬ್ಬರಿಗೆ ಊರಲ್ಲಿ ನೋವಿಗೆ ಅಂತ ಎರಡು ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟಿದ್ದರು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 0.9 ಇದ್ದದ್ದು 2.4ಕ್ಕೆ ಏರಿತ್ತು. ಅವರ ಸಿಸ್‌ಪ್ಲಾಟಿನ್ ಅಲ್ಲಿಗೇ ನಿಂತಿತು.

ಸೋಮವಾರಕ್ಕೆ ತಂದೆ. ಅದೂ ಆಗಲಿಲ್ಲ. ರಕ್ತದ ರಿಪೋರ್ಟ್ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅವಸರದಲ್ಲಿ ಹೈಡ್ರೇಷನ್ (ಕಿಡ್ನಿ ಕಾಯಲು ಹಾಕುವ ಸಲೈನ್) ಕತ್ತರಿಸಬೇಕಾಗುತ್ತಿತ್ತು.

ಕೊನೆಗೆ ಮಂಗಳವಾರ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರಕ್ತ, ಸಂಜೆ ರಿಪೋರ್ಟ್ ನನ್ನ ಫೋನಿಗೆ. ಮಂಗಳವಾರ ಡೋಸ್. ಬುಧ, ಗುರು, ಶುಕ್ರ ರೇಡಿಯೇಷನ್‌ಗೆ ಬಂದೇ ಬರುತ್ತಾರೆ, ವಾಂತಿ ಜಾಸ್ತಿ ಇರುವ ಮೂರು ದಿನವೂ ನಮ್ಮ ಕಣ್ಣೆದುರು. ಬುಧವಾರ ಎಲ್ಲರನ್ನೂ ತೂಕದ ಮಷಿನ್ ಮೇಲೆ ನಿಲ್ಲಿಸುತ್ತೇವೆ. ಒಂದು ಕೆಜಿ ಇಳಿದಿದ್ದರೆ ಕೇಳುವ ಮೊದಲೇ ಒಂದು ಲೀಟರ್ ಸಲೈನ್. ವಯಲ್ (ಔಷಧಿಯ ಶೀಶೆ) ಉಳಿತಾಯವೂ ಆಯಿತು. 56 ಮಿ.ಗ್ರಾಂ. ಬೇಕಾದವರಿಗೆ 50ರದೊಂದು, 10ರದೊಂದು ಒಡೆದು ಉಳಿದದ್ದನ್ನು ಚೆಲ್ಲುತ್ತಿದ್ದೆವು. ಈಗ ಎಲ್ಲರದೂ ಒಂದೇ ಬೆಳಿಗ್ಗೆ ಒಂದೇ ಹುಡ್ (ಕೀಮೋ ಕಲಸುವ ಸುರಕ್ಷಿತ ಗೂಡು) ಕೆಳಗೆ ಕಲಸುವುದರಿಂದ ಚೆಲ್ಲುವುದು ಬಹಳ ಕಮ್ಮಿ.

ನೀರಿಗೆ ಒಂದು ಉಪಾಯ. ಲೀಟರ್ ಬಾಟಲಿಗೆ ಮೂರು ರಬ್ಬರ್ ಬ್ಯಾಂಡ್ ಮೇಲೆ ಹಾಕಿ ಕೊಡುತ್ತೇವೆ. ಒಂದು ಬಾಟಲಿ ಮುಗಿದರೆ ಒಂದು ಬ್ಯಾಂಡ್ ಕೆಳಗೆ. ರಾತ್ರಿ ಮೂರೂ ಕೆಳಗಿರಬೇಕು. ರೋಣದ ಕಡೆಯ ಒಬ್ಬ ಅಮ್ಮ, ಓದು ಬರಹ ಇಲ್ಲ, ಬುಧವಾರ ಬಾಟಲಿ ಎತ್ತಿ ತೋರಿಸಿ, "ನೋಡ್ರಿ ಸರ, ಮೂರೂ ಇಳಿಸೀನಿ" ಅಂದರು. ಆರಕ್ಕೆ ಆರು ಡೋಸ್ ಮುಗಿಸಿದರು. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಇದ್ದವರಿಗೆ ಮಜ್ಜಿಗೆ, ತೆಳ್ಳಗೆ ಸೋಸಿದ ಜೋಳದ ಅಂಬಲಿ ಕೂಡ ಲೆಕ್ಕಕ್ಕೆ ಹಿಡಿಯುತ್ತೇವೆ.

ಸಲೈನ್, ಮೆಗ್ನೀಸಿಯಂ, ಪೊಟ್ಯಾಸಿಯಂ ನಿಮಗೆಲ್ಲ ಗೊತ್ತಿರುವುದೇ. ಯಾವ ಬಾಟಲಿ ಯಾವುದರ ಹಿಂದೆ, ಎಷ್ಟು ವೇಗ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನಮ್ಮ ಸಿಸ್ಟರ್ ಎರಡು ವರ್ಷ ತಿದ್ದಿ ತಿದ್ದಿ ಕೂಡಿಸಿದ ಕ್ರಮ ಅದು. ನಾಲ್ಕೂವರೆ ತಾಸಿನಲ್ಲಿ ಪೇಷಂಟ್ ಎದ್ದು ಹೊರಡುತ್ತಾರೆ. ಒಂದು ಮಂಗಳವಾರ ಬಂದು ಕೂತು ನೋಡಿ, ಅವರೇ ಹೇಳಿಕೊಡುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಓಲಾಂಜಪಿನ್ ಮಾತ್ರೆ 10 ಮಿ.ಗ್ರಾಂ. ಕೊಟ್ಟರೆ ವಾಂತಿ ನಿಲ್ಲುತ್ತಿತ್ತು, ಆದರೆ ಬೆಳಿಗ್ಗೆ ಏಳುತ್ತಿರಲಿಲ್ಲ, ರೇಡಿಯೇಷನ್ ಸರದಿ ತಪ್ಪುತ್ತಿತ್ತು. 5ಕ್ಕೆ ಇಳಿಸಿದೆ, ಆಮೇಲೆ 2.5ಕ್ಕೆ. ಟಾಟಾದವರೂ 2024ರಲ್ಲಿ 2.5 ಸಾಕು ಅಂತ ಪ್ರಕಟಿಸಿದರು. ಅದನ್ನು ಓದಿದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬಾಯಿ ಹುಣ್ಣಿಗೆ ಜೇನು ಹತ್ತು-ಹನ್ನೊಂದು ಜನಕ್ಕೆ ಸವರಿಸಿ ನೋಡಿದೆ. ಎರಡನೇ ವಾರದವರೆಗೆ ಹಿತ ಅಂದರು, ಮೂರನೇ ವಾರಕ್ಕೆ ಉರಿ ಅಂದರು. ಬಿಟ್ಟೆ. ಬಾಯಿ ಮುಕ್ಕಳಿಸುವ ಬೆಂಜಿಡಮೈನ್, ಉಪ್ಪು-ಸೋಡಾ ನೀರಿಗೇ ವಾಪಸ್ ಬಂದೆ.

ಈಗಿನ ಲೆಕ್ಕ: ಮಂಗಳವಾರದ ಪಟ್ಟಿಯಲ್ಲಿ ಇಲ್ಲಿಯವರೆಗೆ ನೂರಾ ಹತ್ತರ ಸುಮಾರು ಜನ. ಐದು ಅಥವಾ ಆರು ಡೋಸ್ ಮುಟ್ಟಿದವರು ಎಂಬತ್ತೈದರ ಮೇಲೆ. ಜ್ವರ ಬಂದು ಅಡ್ಮಿಟ್ ಆದವರು ಆರೇಳು. ಕಿವಿಯ ದೂರು ನಾಲ್ಕು, ಅದರಲ್ಲಿ ಮೂವರಿಗೆ ಸಣ್ಣದು. ಗಟ್ಟಿಮುಟ್ಟಾದ, ಆಸ್ಪತ್ರೆ ಇರುವ ಊರಲ್ಲೇ ಇರುವ, ಮನೆಯವರು ಪಕ್ಕದಲ್ಲಿರುವ ಹುಡುಗರಿಗೆ ನಾನು ಈಗಲೂ 100 ಕೊಡುತ್ತೇನೆ. ವರ್ಷಕ್ಕೆ ಐದಾರು ಜನ ಇರಬಹುದು.

ಕಿಡ್ನಿ ಮೊದಲೇ ಸೋತವರು, ಕಿವಿ ಮೊದಲೇ ಮಂದ ಇದ್ದವರು ಈ ಪಟ್ಟಿಗೆ ಬರುವುದೇ ಇಲ್ಲ. ಮೊದಲು ಅವರಿಗೆ ಬರೀ ರೇಡಿಯೇಷನ್ ಕೊಟ್ಟು ಕಳಿಸುತ್ತಿದ್ದೆ, ಮನಸ್ಸು ಒಪ್ಪುತ್ತಿರಲಿಲ್ಲ. 2023ರಲ್ಲಿ ಇನ್ನೊಂದು ಕೀಮೋ ಔಷಧಿ ಡೋಸಿಟಾಕ್ಸೆಲ್‌ದು ಟಾಟಾದವರದೇ ಟ್ರಯಲ್ ಬಂದ ಮೇಲೆ ಅದನ್ನು ವಾರಕ್ಕೆ 15 ಕೊಡುತ್ತಿದ್ದೇನೆ. ಎರಡು ವರ್ಷ ರೋಗವಿಲ್ಲದೆ ಇದ್ದವರು ಅದರಲ್ಲಿ ಬರೀ ರೇಡಿಯೇಷನ್‌ನ ನೂರಕ್ಕೆ 30ರಿಂದ 42ಕ್ಕೆ ಏರಿದ್ದರು. ಬಾಯಿ ಹುಣ್ಣು ಮಾತ್ರ ಜಾಸ್ತಿ, ಟ್ಯೂಬ್ ಮೊದಲ ವಾರವೇ ಹಾಕಿಬಿಡುತ್ತೇನೆ. ಡೈಕ್ಲೋಫೆನಾಕ್‌ನಿಂದ ಕಿಡ್ನಿ ಕೆಟ್ಟಿತ್ತಲ್ಲ, ಅವರ ಹೊತ್ತಿಗೆ ಇದು ನನ್ನ ಕೈಗೆ ಬಂದಿರಲಿಲ್ಲ.